ಮೊದಲ ಕಬ್ಬು ಕೊಟ್ಟ ಕೈ

“ಬುದ್ಧಿ, ಯಾರೂ ಬೇಕೆಂದು ಮಾಡದ ತಪ್ಪಿಗೆ ದೂರು ಕೊಡುವುದು ಸರಿಯೆ?”

ಹೀಗೆ ಕೇಳಿದವಳು ನೀಲಾಂಬಿಕೆ. ಮಠದ ಶಿಷ್ಯೆ. ಹುಟ್ಟಿದಾರಭ್ಯ ಆ ಮಠದ ಪ್ರಸಾದ ಉಂಡು ಬೆಳೆದವಳು. ಆ ಸೀಮೆಯಲ್ಲಿ ಸ್ವಾಮಿಗಳನ್ನು ಎಲ್ಲರೂ ‘ಬುದ್ಧಿ’ ಎಂದೇ ಕರೆಯುತ್ತಾರೆ. ಅವಳೂ ಹಾಗೇ ಕರೆದಳು. ಆದರೆ ಆ ದಿನ ಪಾದಕ್ಕೆ ನಮಸ್ಕರಿಸಿದ ಮೇಲೆ ಹತ್ತಿರ ಕೂರದೆ, ಕಂಬದ ಬಳಿ ಸರಿದು ಕೂತಿದ್ದಳು.

“ಪೂರ್ತಿ ಹೇಳು ತಾಯಿ. ನನಗೆ ಗೊತ್ತಿರುವುದನ್ನೂ ಸೇರಿಸಿ ಹೇಳು” ಎಂದರು ಸ್ವಾಮಿಗಳು.

ಅವಳು ಹೇಳಿದಳು. ಮೂರು ವಾರದ ಹಿಂದೆ, ಸೋಮವಾರ, ಮಠದಲ್ಲಿ ದಾಸೋಹ. ಅವಳ ಮಗಳಿಗೆ ಒಂದು ವರ್ಷ ಒಂಬತ್ತು ತಿಂಗಳು. ಒಲೆಯಿಂದ ಇಳಿಸಿದ ಸಾರಿನ ಕೊಪ್ಪರಿಗೆಯನ್ನು ಅಡುಗೆಮನೆಯಿಂದ ಊಟದ ಪಂಕ್ತಿಗೆ ಹೋಗುವ ದಾರಿಯಲ್ಲಿ ನೆಲದ ಮೇಲೆ ಇಟ್ಟಿದ್ದರು. ಎಂದಿನಿಂದಲೂ ಅಲ್ಲೇ ಇಡುವುದು. ಅಡುಗೆಮನೆಗೆ ಬಾಗಿಲಿಲ್ಲ. ಒಂದು ಕಾಲದಲ್ಲಿ ಇತ್ತು. ಅಲ್ಲಿ ನಿಂತು, ಯಾರು ಒಳಗೆ ಬರಬಹುದು ಯಾರು ಬರಬಾರದು ಎಂದು ಜಾತಿ ಕೇಳುತ್ತಿದ್ದರು. ಪಟ್ಟಕ್ಕೆ ಬಂದ ವರ್ಷವೇ ಸ್ವಾಮಿಗಳು ತಾವೇ ನಿಂತು ಆ ಬಾಗಿಲನ್ನು ಚೌಕಟ್ಟಿನ ಸಮೇತ ಕೀಳಿಸಿದರು. ಅಂದಿನಿಂದ ಬಾಗಿಲಿಲ್ಲದ ಅಡುಗೆಮನೆಯೆಂದು ಮಠಕ್ಕೆ ಹೆಸರು ಬಂತು. ಆ ದಾರಿಯಲ್ಲಿ ಮಗು ಓಡಿತು. ಎಡವಿತು. ಬಲಗೈ ಮೊಣಕೈವರೆಗೆ ಕೊಪ್ಪರಿಗೆಯೊಳಗೆ ಹೋಯಿತು.

“ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ದಾರೆ ಬುದ್ಧಿ. ಮೊಣಕೈ ಪೂರ್ತಿ ಚಾಚೋಕಾಗುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ ಅಂತಾರೆ ಡಾಕ್ಟರು. ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಗಿದೆ. ನಾಳೆ ಬಂದು ನನ್ನ ಹೇಳಿಕೆ ಬರೆದುಕೊಳ್ತಾರಂತೆ. ಆಕಸ್ಮಿಕ ಅಂತ ಒಂದು ಮಾತು ಬರೆಸಿ ಸಹಿ ಹಾಕಿದರೆ ಅಲ್ಲಿಗೆ ಮುಗೀತು. ಮಾವನವರು ಹಾಗೇ ಮಾಡು ಅಂತಾರೆ. ಮಠದ ಮೇಲೆ ದೂರು ಕೊಟ್ಟರೆ ಮನೆ ಹೊಸಿಲು ತುಳೀಬೇಡ ಅಂತಲೂ ಅಂದಿದ್ದಾರೆ. ಆದರೆ ಆ ಮಾತು ನನ್ನ ಬಾಯಲ್ಲಿ ಬರ್ತಿಲ್ಲ. ಯಾಕೆ ಬರ್ತಿಲ್ಲ ಅಂತಲೂ ಗೊತ್ತಾಗ್ತಿಲ್ಲ.”

ಪಕ್ಕದಲ್ಲಿ ನಿಂತಿದ್ದ ರುದ್ರಾರಾಧ್ಯರಿಗೆ ಸುಮ್ಮನಿರಲಾಗಲಿಲ್ಲ. ಮಠದ ಪಾರುಪತ್ಯ ನೋಡುವವರು ಅವರು. ಅಕ್ಕಿಯಿಂದ ಹಿಡಿದು ಬಾಳೆಎಲೆಯವರೆಗೆ ಎಲ್ಲವೂ ಅವರ ಮೇಲ್ವಿಚಾರಣೆ.

“ಅನ್ನ ಹಾಕಿದ ಮನೆ ಮೇಲೆ ದೂರಾ ನೀಲಮ್ಮ? ನೀನು ಮೊದಲ ಅಗುಳು ತಿಂದದ್ದು ಎಲ್ಲಿ? ಎಷ್ಟು ಸಾವಿರ ಮಕ್ಕಳು ಉಂಡು ಹೋದ ಜಾಗ ಇದು. ಒಂದು ಮಗು ಎಡವಿತು ಅಂತ...”

ಸ್ವಾಮಿಗಳು ಕೈ ಎತ್ತಿದರು. “ಆರಾಧ್ಯರೇ, ಕೂತುಕೊಳ್ಳಿ. ನಿಂತು ಕೇಳಿದರೆ ಕತೆ ಕಾಲಿಗೆ ಇಳಿಯುತ್ತದೆ, ತಲೆಗೆ ಹತ್ತುವುದಿಲ್ಲ.”

ಆರಾಧ್ಯರು ಕೂತರು. ಸ್ವಾಮಿಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಆಲೆಮನೆ ಇತ್ತು. ಎತ್ತುಗಳು ಸುತ್ತುತ್ತವೆ, ಗಾಣದ ಉರುಳೆಗಳು ತಿರುಗುತ್ತವೆ. ಒಬ್ಬನು ನೆಲದ ಮೇಲೆ ಕೂತು ಉರುಳೆಗಳ ಸಂದಿಗೆ ಕಬ್ಬು ಕೊಡುತ್ತಾನೆ. ಈಚೆ ಕಬ್ಬಿನ ಹಾಲು ಸುರಿಯುತ್ತದೆ, ಆಚೆ ಸಿಪ್ಪೆ ಬೀಳುತ್ತದೆ. ಆಲೆಮನೆ ಎಂದರೆ ಇಷ್ಟೇ. ಬೆಲ್ಲ ಕಾಯುವ ಪರಿಮಳವನ್ನು ನಾನು ವರ್ಣಿಸುವುದಿಲ್ಲ. ವರ್ಣಿಸಿದರೆ ಆರಾಧ್ಯರಿಗೆ ಹಸಿವಾಗುತ್ತದೆ.

ರೈತ ಒಳ್ಳೆಯವನು. ಇದನ್ನು ಒತ್ತಿ ಹೇಳುತ್ತೇನೆ. ಅವನು ಕೆಟ್ಟವನಾಗಿದ್ದರೆ ಈ ಕತೆಯೇ ಬೇಕಿರಲಿಲ್ಲ. ಕೆಟ್ಟವನ ಮೇಲೆ ದೂರು ಕೊಡಲು ಯಾರೂ ಗುರುವಿನ ಅಪ್ಪಣೆ ಕೇಳುವುದಿಲ್ಲ. ಅವನ ಆಲೆಮನೆಗೆ ಬಂದವರು ಒಣಗಿದ ಬಾಯಲ್ಲಿ ಹೋದದ್ದಿಲ್ಲ. ಗೌಡನಿಗೂ ಚೊಂಬು ತುಂಬ ಹಾಲು, ಭಿಕ್ಷುಕನಿಗೂ ಚೊಂಬು ತುಂಬ ಹಾಲು. ಚೊಂಬು ಕೂಡ ಒಂದೇ.

ಆ ಊರಿನಲ್ಲಿ ಒಂದು ಪದ್ಧತಿ. ಸುಗ್ಗಿಯ ಮೊದಲ ದಿನ ಗಾಣಕ್ಕೆ ಮೊದಲ ಕಬ್ಬು ಕೊಡುವ ಕೈ ಮಗುವಿನದಾಗಿರಬೇಕು. ಆಗತಾನೆ ನಡೆಯಲು ಕಲಿತ ಮಗು. ಇನ್ನೂ ಸುಳ್ಳು ಹೇಳದ ನಾಲಿಗೆ, ಇನ್ನೂ ಏನನ್ನೂ ಕದಿಯದ ಕೈ. ಅಂಥ ಕೈ ಕೊಟ್ಟರೆ ಆ ವರ್ಷದ ಬೆಲ್ಲ ಗಟ್ಟಿಯಾಗಿ ಕಟ್ಟುತ್ತದೆ, ಸಿಹಿಯಾಗುತ್ತದೆ ಎಂದು ನಂಬಿಕೆ. ಎತ್ತುಗಳನ್ನು ನಿಲ್ಲಿಸುತ್ತಾರೆ. ತಾಯಿ ಮಗುವನ್ನು ಕಂಕುಳಲ್ಲಿ ಹಿಡಿದು ಗಾಣದ ಮುಂದೆ ನಿಲ್ಲಿಸುತ್ತಾಳೆ. ಮಗು ಒಂದು ಗೇಣಿನ ಕಬ್ಬಿನ ತುಂಡನ್ನು ಸಂದಿಗೆ ಇಡುತ್ತದೆ. ತಾಯಿ ಮಗುವನ್ನು ಎತ್ತಿಕೊಂಡು ಹಿಂದೆ ಸರಿಯುತ್ತಾಳೆ. ಎತ್ತುಗಳು ಹೆಜ್ಜೆ ಹಾಕುತ್ತವೆ, ಹಾಲು ಚಿಮ್ಮುತ್ತದೆ, ತಮಟೆ ಬಡಿಯುತ್ತಾರೆ, ಊರಿಗೆ ಊರೇ ಚಪ್ಪಾಳೆ ತಟ್ಟುತ್ತದೆ. ಮಗುವಿನ ಬಾಯಿಗೆ ಬೆಲ್ಲ ಇಡುತ್ತಾರೆ.

ಆ ಮಾನ ಯಾವಾಗಲೂ ಗದ್ದೆ ಉಳ್ಳವರ ಮನೆಯ ಮಕ್ಕಳಿಗೇ. ಆ ವರ್ಷ ಮಾತ್ರ ರೈತ ಬೇರೆ ಮಾತಾಡಿದ. “ಈ ಸಲ ಬಳೆಗಾರ್ತಿ ಮಗೂನ ಕರೀರಿ. ಊರ ಕೈಗೆಲ್ಲ ಬಳೆ ತೊಡಿಸೋಳ ಮಗಳು. ಅದಕ್ಕಿಂತ ಶುಭದ ಕೈ ಇನ್ನು ಯಾವುದು?”

ಆ ಊರಿನಲ್ಲಿ ಇದ್ದವಳು ಒಬ್ಬಳೇ ಬಳೆಗಾರ್ತಿ. ಗಂಡ ಬಳೆ ತರಲು ದೂರದ ಪೇಟೆಗಳಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳು ಬಳೆಯ ಮಲಾರವನ್ನು ಹೆಗಲಿಗೆ ಹಾಕಿ, ಮಗುವನ್ನು ಸೊಂಟಕ್ಕೆ ಏರಿಸಿ ಮನೆಮನೆ ಸುತ್ತುತ್ತಿದ್ದಳು. ರೈತನ ಮಾತು ಕೇಳಿ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗುವಿನ ಎರಡೂ ಕೈಗೆ ಹಸಿರು ಬಳೆ ತೊಡಿಸಿದಳು. ತಾನೇ ಕರೆತಂದು ಗಾಣದ ಮುಂದೆ ಹಿಡಿದಳು. “ಇಡು ಕಂದಾ, ಇಡು” ಎಂದು ತಾನೇ ಹೇಳಿದಳು. ಮಗು ಕಬ್ಬು ಇಟ್ಟಿತು. ಊರು ಚಪ್ಪಾಳೆ ತಟ್ಟಿತು. ಮಗು ಹಿಂದಿರುಗಿ ಎಲ್ಲರ ಮುಖ ನೋಡಿ ನಕ್ಕಿತು. ತಾನೂ ಚಪ್ಪಾಳೆ ತಟ್ಟಿತು. ಅದನ್ನು ನೋಡಿ ಊರು ಇನ್ನೂ ಜೋರಾಗಿ ತಟ್ಟಿತು.

ಹದಿನೈದು ದಿನ ಕಳೆಯಿತು. ಬಳೆಗಾರ್ತಿ ಆಲೆಮನೆಗೆ ಹೋದಳು. ಚಪ್ಪರದ ಕೆಳಗೆ ರೈತನ ಹೆಂಡತಿ ಕೂತಿದ್ದಳು; ಮಗುವನ್ನು ಪಕ್ಕದಲ್ಲಿ ಕೂರಿಸಿ ಬಳೆಗಾರ್ತಿ ಅವಳ ಕೈಗೆ ಬಳೆ ಏರಿಸತೊಡಗಿದಳು. ಗಾಜಿನ ಬಳೆ ಏರಿಸುವಾಗ ಕಣ್ಣು ಕದಲಿಸುವಂತಿಲ್ಲ. ಕದಲಿಸಿದರೆ ಬಳೆ ಒಡೆಯುತ್ತದೆ, ಕೈ ಕೊಯ್ಯುತ್ತದೆ. ಅವಳು ಕಣ್ಣು ಕದಲಿಸಲಿಲ್ಲ. ಕಬ್ಬು ಕೊಡುವವನು ಹೊಸ ಹೊರೆ ತರಲು ಎದ್ದಿದ್ದ. ಎತ್ತು ಹೊಡೆಯುವವನು ಗಾಣದ ಆಚೆ ಬದಿಗೆ ಬಂದಿದ್ದ. ಮಗು ಎದ್ದಿತು. ಬಿದ್ದಿದ್ದ ಕಬ್ಬಿನ ತುಂಡೊಂದನ್ನು ಹೆಕ್ಕಿತು. ಹನ್ನೆರಡು ಹೆಜ್ಜೆ ನಡೆಯಿತು.

ಎತ್ತುಗಳನ್ನು ನಿಲ್ಲಿಸುವ ಹೊತ್ತಿಗೆ ಬಲಗೈಯ ಎರಡು ಬೆರಳು ಹೋಗಿದ್ದವು.

ರೈತ ಮಗುವನ್ನು ಎತ್ತಿಕೊಂಡು ಎರಡು ಹರಿದಾರಿ ದೂರದ ವೈದ್ಯನ ಮನೆಗೆ ಬರಿಗಾಲಲ್ಲಿ ಓಡಿದ. ಮಗು ಬದುಕಿತು ಎಂದು ವೈದ್ಯ ಹೇಳುವವರೆಗೆ ಆ ಜಗುಲಿ ಬಿಟ್ಟು ಏಳಲಿಲ್ಲ. ಔಷಧ ತಾನೇ ಕೊಡಿಸಿದ. “ಇವಳು ನನ್ನ ಮನೆ ಮಗು ಅಂದ್ಕೋ ತಂಗಿ. ಇವಳ ಮದುವೆ ನನ್ನ ಮನೆ ಚಪ್ಪರದಲ್ಲೇ” ಎಂದ. ಸುಮ್ಮನೆ ಆಡಿದ ಮಾತಲ್ಲ, ಅವನು ಮಾಡುವವನೇ. ಊರು ಅವನನ್ನು ಹೊಗಳಿತು. ಮಗುವಿನ ಹಣೆಬರಹ ಎಂದಿತು. ಯಾರು ತಾನೆ ಬೇಕೆಂದು ಮಾಡಿದರು, ಆಕಸ್ಮಿಕ ಎಂದಿತು. ಆ ಮಾತು ಹೇಳಿದ ಮೇಲೆ ಊರಿಗೆ ನಿದ್ದೆ ಬಂತು.

ಬಳೆಗಾರ್ತಿ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ “ನಾನು ಕಸಬೆಯ ಕಚೇರಿಗೆ ಹೋಗಿ ದೂರು ಕೊಡ್ತೀನಿ” ಎಂದಳು.

ಮೊದಲು ಗೌಡ ಬಂದ. “ಏನಮ್ಮ, ಹಾಲು ಕುಡಿದ ಬಾಯಲ್ಲಿ ದೂರು ಹೇಳ್ತೀಯಾ? ಗಾಳಿಗೆ ಕೊಂಬೆ ಮುರಿದು ತಲೆ ಮೇಲೆ ಬಿದ್ದರೆ ಗಾಳಿ ಮೇಲೆ ದೂರು ಕೊಡೋರುಂಟಾ?”

“ಬೀಸು ಬೀಸು ಅಂತ ಗಾಳಿಗೆ ಚಪ್ಪಾಳೆ ತಟ್ಟಿದೋರು ಯಾರಾದರೂ ಇದ್ದರೆ ಅವರ ಮೇಲೆ ಕೊಡ್ತೀನಿ ಗೌಡ್ರೇ.”

ಗೌಡನಿಗೆ ಅರ್ಥವಾಗಲಿಲ್ಲ. ಅರ್ಥವಾಗದವನಿಗೆ ಕೋಪ ಬೇಗ ಬರುತ್ತದೆ. “ಕಚೇರೀಲಿ ಮೊದಲನೇ ಪ್ರಶ್ನೆ ನಿನಗೇ ಬೀಳೋದು. ಹೆತ್ತವಳು ಎಲ್ಲಿದ್ದೆ ಅಂತ ಕೇಳ್ತಾರೆ. ಆಗ ಮುಖ ಎಲ್ಲಿಟ್ಟುಕೊಳ್ತೀಯ?”

“ಮುಖ ಇರೋ ಕಡೇನೇ ಇರುತ್ತೆ. ಹನ್ನೆರಡು ಹೆಜ್ಜೆ ದೂರದಲ್ಲಿ ಬಳೆ ತೊಡಿಸ್ತಾ ಕೂತಿದ್ದೆ ಅಂತೀನಿ. ನನ್ನ ತಪ್ಪೂ ಬರೆದುಕೊಳ್ಳಲಿ. ನನ್ನ ತಪ್ಪು ಹೊರಗೆ ಬರುತ್ತೆ ಅಂತ ಹೆದರಿ ಮಗು ಬೆರಳನ್ನ ಹಣೆಬರಹ ಅಂದುಬಿಡಲಾ?”

ಗೌಡ ಎದ್ದು ಹೋದ. ಪುರಾಣ ಹೇಳುವ ಶಾಸ್ತ್ರಿ ಬಂದ. ಕ್ಷಮೆಗಿಂತ ದೊಡ್ಡ ಧರ್ಮವಿಲ್ಲ ಎಂದು ಎರಡು ಶ್ಲೋಕ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು: “ಕ್ಷಮಿಸಬೇಕಾದರೆ ತಪ್ಪು ಅಂತ ಒಂದು ಇರಬೇಕಲ್ಲ ಶಾಸ್ತ್ರಿಗಳೇ? ನೀವೆಲ್ಲ ತಪ್ಪೇ ಆಗಿಲ್ಲ ಅಂತೀರಿ. ಇಲ್ಲದೇ ಇರೋ ತಪ್ಪನ್ನ ಯಾವ ಬಾಯಲ್ಲಿ ಕ್ಷಮಿಸಲಿ?” ಮೂರನೆಯ ಶ್ಲೋಕ ಶಾಸ್ತ್ರಿಗೆ ನೆನಪಾಗಲಿಲ್ಲ.

ಆಮೇಲೆ ಊರ ಹೆಂಗಸರು ಬಂದರು. ಅವರ ಮಾತು ಚಿಕ್ಕದು. “ನೀನು ಕಚೇರಿ ಮೆಟ್ಟಿಲು ಹತ್ತಿದರೆ ಈ ಊರಲ್ಲಿ ನಿನ್ನ ಮುಂದೆ ಕೈ ಚಾಚೋರು ಒಬ್ಬರೂ ಇರಲ್ಲ, ತಿಳಕೋ.” ಕೈ ಚಾಚುವವರಿಲ್ಲದಿದ್ದರೆ ಬಳೆಗಾರ್ತಿಯ ಒಲೆ ಉರಿಯುವುದಿಲ್ಲ. ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು.

“ನಿಮ್ಮ ಕೈ ನಿಮ್ಮ ಹತ್ತಿರಾನೇ ಇರಲಿ ಕಣ್ರವ್ವ” ಎಂದಳು. “ಹತ್ತು ಬೆರಳೂ ನೆಟ್ಟಗಿದಾವೆ. ಜೋಪಾನ.”

ಕೊನೆಗೆ ಬಂದವನು ರೈತ. ಒಬ್ಬನೇ ಬಂದ. ಒಳಗೆ ಬರಲಿಲ್ಲ. “ತಂಗಿ, ನನ್ನ ಮೇಲೆ ಕೋಪ ಇದ್ದರೆ ಎರಡೇಟು ಹೊಡಿ. ಕಚೇರಿ ಯಾಕೆ?”

ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು. “ಕೋಪ ಇಲ್ಲ ಅಣ್ಣಯ್ಯ. ಕೋಪ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ನಿನ್ನ ಮನೆ ಮುಂದೆ ನಿಂತು ಬೈದು, ಮಣ್ಣು ತೂರಿ, ಹಗುರಾಗಿ ಮನೆಗೆ ಬಂದು ಮಲಗಿಬಿಡ್ತಿದ್ದೆ. ಕೋಪ ಇಲ್ಲದೇ ಇರೋದಕ್ಕೇ ಕಚೇರಿಗೆ ಹೋಗಬೇಕಾಗಿದೆ.”

ಇಲ್ಲಿಗೆ ಬಂದಾಗ ರುದ್ರಾರಾಧ್ಯರು ತೊಡೆ ತಟ್ಟಿ ಎದ್ದರು. “ಇದು ಅನ್ಯಾಯ ಬುದ್ಧಿ! ಅಂಥ ಧರ್ಮಾತ್ಮನ್ನ ತಗೊಂಡುಹೋಗಿ ಕಟಕಟೆಯಲ್ಲಿ ನಿಲ್ಲಿಸೋದೆ?”

“ಧರ್ಮಾತ್ಮರು ನಿಂತರೆ ಕಟಕಟೆ ಮುರಿದು ಬೀಳುವುದಿಲ್ಲ ಆರಾಧ್ಯರೇ. ಕೂತುಕೊಳ್ಳಿ” ಎಂದು ಸ್ವಾಮಿಗಳು ನಕ್ಕರು. ನೀಲಾಂಬಿಕೆ ನಗಲಿಲ್ಲ. ಕತೆ ಮುಂದುವರಿಯಿತು.

ವಿಚಾರಣೆಯ ದಿನ ರೈತನ ಪರವಾಗಿ ಊರು ಮೂರು ಗಾಡಿ ಕಟ್ಟಿಕೊಂಡು ಬಂತು. ಬಳೆಗಾರ್ತಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಡೆದು ಬಂದಳು. ಹಿರಿಯರನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎಂದು ಊರಿನವರು ನ್ಯಾಯಾಧಿಕಾರಿಗೆ ಒಂದು ಹೊರೆ ಕಬ್ಬು ತಂದಿದ್ದರು. ಅವರಿಗೆ ಅದು ಲಂಚವೆಂದು ಹೊಳೆಯಲೇ ಇಲ್ಲ. ಅವರ ಪಾಲಿಗೆ ಅದು ಮರ್ಯಾದೆ. ನ್ಯಾಯಾಧಿಕಾರಿ ಗದರಿದ. ಜವಾನ ಆ ಹೊರೆಯನ್ನು ಗೋಡೆಯ ಬದಿಗೆ ಎಸೆದ. ಹಗ್ಗ ಬಿಚ್ಚಿ ಕಬ್ಬು ಚೆಲ್ಲಿತು.

“ಯಾರ ಮೇಲೆ ದೂರಮ್ಮ?”

“ಆಕಸ್ಮಿಕ ಅನ್ನೋ ಮಾತಿನ ಮೇಲೆ ಸ್ವಾಮಿ.”

“ಮಾತಿನ ಮೇಲೆ ದೂರು ಬರೆದುಕೊಳ್ಳಲು ಬರುವುದಿಲ್ಲ. ಮನುಷ್ಯರ ಹೆಸರು ಹೇಳು.”

“ಹಾಗಾದರೆ ಎರಡು ಹೆಸರು ಬರೀರಿ. ಒಂದು ಈ ಅಣ್ಣಯ್ಯನದು. ಇನ್ನೊಂದು ನನ್ನದು.”

ಜನ ಗೊಳ್ಳೆಂದು ನಕ್ಕರು. “ತನ್ನ ಮೇಲೆ ತಾನೇ ದೂರು ಕೊಡೋ ಶೂರೆಯನ್ನ ಇವತ್ತೇ ನೋಡಿದ್ದು ಕಣಪ್ಪ” ಎಂದು ಹಿಂದಿನಿಂದ ಯಾರೋ ಹೇಳಿದರು. ನ್ಯಾಯಾಧಿಕಾರಿ ನಗಲಿಲ್ಲ. ರೈತನನ್ನು ಕಟಕಟೆಗೆ ಕರೆದು ಕೇಳಿದ.

“ಮಗುವನ್ನು ಗಾಣದ ಹತ್ತಿರ ಹೋಗೆಂದು ನೀನು ಕಳಿಸಿದೆಯಾ?”

“ಇಲ್ಲ ಸ್ವಾಮಿ.”

“ತಾಯಿ ಕಳಿಸಿದಳಾ?”

“ಉಂಟೇ ಸ್ವಾಮಿ?”

“ಬೇರೆ ಯಾರಾದರೂ?”

“ಯಾರೂ ಇಲ್ಲ. ಅದಾಗೇ ಹೋಯ್ತು.”

“ಅಂದಮೇಲೆ ಇದು ಆಕಸ್ಮಿಕವೇ ಅಲ್ಲವೇನಮ್ಮ?” ಎಂದು ನ್ಯಾಯಾಧಿಕಾರಿ ಲೇಖನಿ ಎತ್ತಿಕೊಂಡ. ಊರು ತಲೆಯಾಡಿಸಿತು.

ಈ ಮಾತು ನಡೆಯುತ್ತಿದ್ದಾಗ ಮಗು ತಾಯಿಯ ಸೊಂಟದಿಂದ ಇಳಿದಿತ್ತು. ಗೋಡೆಯ ಬದಿಗೆ ಹೋಯಿತು. ಬಲಗೈಗೆ ಬಟ್ಟೆ ಸುತ್ತಿದ್ದರು. ಎಡಗೈಯಲ್ಲಿ ಒಂದು ಕಬ್ಬಿನ ತುಂಡು ಹೆಕ್ಕಿತು. ಅದನ್ನು ಹಿಡಿದು ಕಟಕಟೆಯ ಹತ್ತಿರ ಬಂದಿತು. ಕಟಕಟೆಯ ಎರಡು ಮರದ ಪಟ್ಟಿಗಳ ನಡುವೆ ಒಂದು ಸಂದಿ ಇತ್ತು. ಮಗು ಆ ಸಂದಿಗೆ ಕಬ್ಬಿನ ತುದಿ ಇಟ್ಟು ಒಳಗೆ ತಳ್ಳಿತು.

ಆಮೇಲೆ ಜನರ ಕಡೆಗೆ ತಿರುಗಿತು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿತು. ನಗುತ್ತ ಕಾಯಿತು. ಚಪ್ಪಾಳೆಗೆ ಕಾಯುತ್ತಿತ್ತು.

ಯಾರೂ ತಟ್ಟಲಿಲ್ಲ. ಮಗು ಇನ್ನೂ ಸ್ವಲ್ಪ ಹೊತ್ತು ಕಾಯಿತು. ಕೊನೆಗೆ ತಾನೇ ತಟ್ಟಿತು. ಬಟ್ಟೆ ಸುತ್ತಿದ ಕೈ ಸದ್ದು ಮಾಡಲಿಲ್ಲ.

ನ್ಯಾಯಾಧಿಕಾರಿ ಲೇಖನಿ ಕೆಳಗಿಟ್ಟ. ಗೌಡ ನೆಲ ನೋಡಿದ. ರೈತ ಕಟಕಟೆಯ ಪಟ್ಟಿಯನ್ನು ಹಿಡಿದುಕೊಂಡ. “ಆಕಸ್ಮಿಕ ಅಂತ ಬರೀಬೇಡಿ ಸ್ವಾಮಿ” ಎಂದ. “ಅದಾಗೇ ಹೋಯ್ತು ಅಂದೆ. ಸುಳ್ಳು. ಮೊದಲನೇ ದಿನ ತಮಟೆ ಬಡಿದು ಪಾಠ ಹೇಳಿಕೊಟ್ಟೋರು ನಾವು. ಹದಿನೈದನೇ ದಿನ ಅದು ಬಂದು ಒಪ್ಪಿಸಿತು. ನನ್ನ ಹೆಸರು ಬರೀರಿ.”

“ಹೇಳಿಕೊಟ್ಟವಳು ನಾನೂ ಹೌದು. ಇಡು ಕಂದಾ ಅಂದವಳು ನಾನು” ಎಂದಳು ಬಳೆಗಾರ್ತಿ. “ಅಣ್ಣಯ್ಯನ ಕೆಳಗೆ ನನ್ನದನ್ನೂ ಬರೀರಿ.”

ನ್ಯಾಯಾಧಿಕಾರಿ ಎರಡೂ ಹೆಸರು ಬರೆದ. ತೀರ್ಪು ನಾಲ್ಕು ಸಾಲಿನದು. ಆ ಸೀಮೆಯ ಯಾವ ಆಲೆಮನೆಯಲ್ಲೂ ಮೊದಲ ಕಬ್ಬನ್ನು ಮಗುವಿನ ಕೈಯಲ್ಲಿ ಕೊಡಿಸಕೂಡದು. ಗಾಣ ಹೂಡಿದವನೇ ಕೊಡಬೇಕು. ಎತ್ತು ಸುತ್ತುವಷ್ಟು ಕಾಲವೂ ಗಾಣದ ಸುತ್ತ ಎದೆಯೆತ್ತರದ ಬಿದಿರಿನ ತಡಿಕೆ ಇರಬೇಕು. ತಡಿಕೆ ಇಲ್ಲದ ಗಾಣಕ್ಕೆ ಮುದ್ರೆ ಬೀಳುತ್ತದೆ. ಇದನ್ನು ಊರೂರಿಗೆ ಡಂಗುರ ಸಾರಿಸಿದರು. ಮೊದಲ ತಡಿಕೆಯನ್ನು ರೈತ ತಾನೇ ಬಿದಿರು ಸೀಳಿ ಹೆಣೆದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಹರ್ಷದಿಂದ ಕತೆ ಹೇಳುವವರು ಅವರು. ಹೇಳಿ ಮುಗಿಸಿದ ಮೇಲೆ ಕೇಳುವವರ ಮುಖವನ್ನು ಒಮ್ಮೆ ನೋಡುವ ರೂಢಿ. ಈ ಸಲ ನೋಡಲಿಲ್ಲ.

“ಆ ಹೆಂಗಸರು ಬುದ್ಧಿ?” ಎಂದಳು ನೀಲಾಂಬಿಕೆ. “ತೀರ್ಪು ಬಂದ ಮೇಲಾದರೂ ಅವಳ ಮುಂದೆ ಕೈ ಚಾಚಿದರೇ?”

“ಕೆಲವರು ಚಾಚಿದರು. ಕೆಲವರು ಸಾಯುವವರೆಗೂ ಚಾಚಲಿಲ್ಲ. ಅವಳು ಮಲಾರ ಹೊತ್ತು ಮೂರು ಊರು ಹೆಚ್ಚಿಗೆ ನಡೆದಳು. ನಿನಗೆ ಸುಳ್ಳು ಹೇಳುವುದಿಲ್ಲ ತಾಯಿ. ಅವಳ ಕಾಲು ನೋಯುತ್ತಿತ್ತು.”

ರುದ್ರಾರಾಧ್ಯರಿಗೆ ಒಂದು ದಾರಿ ಸಿಕ್ಕಂತಾಯಿತು. “ನೋಡಿದಿರಾ? ಇಷ್ಟೆಲ್ಲ ಮಾಡಿ ಆಕೆಗೆ ಸಿಕ್ಕಿದ್ದೇನು? ಮಗುವಿಗೆ ಬೆರಳು ಬಂತೇ?”

“ಬರಲಿಲ್ಲ. ಬೆರಳು ಬೇಕಾಗಿದ್ದರೆ ವೈದ್ಯನ ಮನೆಗೆ ಹೋಗುತ್ತಿದ್ದಳು ಆರಾಧ್ಯರೇ. ಅವಳು ಹೋದದ್ದು ಕಚೇರಿಗೆ.”

ಆರಾಧ್ಯರು ಸ್ವಲ್ಪ ಹೊತ್ತು ಮೀಸೆ ತೀಡಿದರು. ಕೆಟ್ಟ ಮನುಷ್ಯರಲ್ಲ ಅವರು. ಮಠದ ಹೆಸರಿಗೆ ಕೂದಲೆಳೆಯಷ್ಟೂ ಕುಂದು ಬರಬಾರದೆಂಬುದಷ್ಟೇ ಅವರ ಚಿಂತೆ. ದನಿ ತಗ್ಗಿಸಿ ಹೇಳಿದರು: “ಆಗಲಿ ಬುದ್ಧಿ. ಬರೆಸಲೇಬೇಕು ಅಂದರೆ ಅಡುಗೆಯ ಆಳಿನ ಹೆಸರು ಬರೆಸಲಿ. ಕೊಪ್ಪರಿಗೆ ಇಳಿಸಿ ನೆಲದ ಮೇಲೆ ಇಟ್ಟವನು ಅವನು ತಾನೇ? ಮಠಕ್ಕೂ ಮಾತು ಬರೋದಿಲ್ಲ, ನೀಲಮ್ಮನಿಗೂ ಸಮಾಧಾನ.”

“ಅವನು ಇಡು ಅಂದ ಕಡೆ ಇಟ್ಟವನು!” ಎಂದಳು ನೀಲಾಂಬಿಕೆ. ಅಷ್ಟು ಗಟ್ಟಿಯಾಗಿ ಆ ಮಠದಲ್ಲಿ ಅವಳು ಎಂದೂ ಮಾತಾಡಿರಲಿಲ್ಲ. “ಇಪ್ಪತ್ತು ವರ್ಷದಿಂದ ಅಲ್ಲೇ ಇಡ್ತಾರೆ. ಬಾಗಿಲಿಲ್ಲ ಅಂತ ನಾವೆಲ್ಲ ಹೆಮ್ಮೆ ಪಟ್ಟೆವು, ಬಂದ ನೆಂಟರನ್ನ ಕರಕೊಂಡು ಬಂದು ತೋರಿಸಿದೆವು. ಬಾಗಿಲು ತೆಗೆದ ಕಡೆ ಮಕ್ಕಳಿಗೆ ಒಂದು ಅಡ್ಡಪಟ್ಟಿ ಬೇಕು ಅಂತ ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಪಾಪ, ಆ ಆಳು ಏನು ಮಾಡಿದ? ಅವನ ಹೆಸರು ನಾನು ಬರೆಸಲ್ಲ. ಆಕಸ್ಮಿಕ ಅಂತಲೂ ಬರೆಸಲ್ಲ. ಬರೆಸಬೇಕಾದ್ದು...”

ಮಾತು ಅಲ್ಲಿಗೆ ನಿಂತಿತು. ಅದು ಯಾರ ಕಡೆಗೆ ಹೋಗುತ್ತಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಎದುರಿಗೆ ಕೂತಿದ್ದ ಸ್ವಾಮಿಗಳ ಪಾದ ನೋಡಿದಳು.

“ಯಾರ ಹೆಸರು ಬರೆಸಲಿ ಬುದ್ಧಿ?” ಎಂದಳು, ಬಹಳ ಮೆಲ್ಲಗೆ.

ಸ್ವಾಮಿಗಳು ಹೇಳಿದರು: “ಯಾವ ಹೆಸರು ಹೇಳಲು ಈಗ ನಿನ್ನ ನಾಲಿಗೆ ಹಿಂಜರಿಯಿತೋ ತಾಯಿ, ಅದನ್ನೇ ಮೊದಲು ಬರೆಸು.”